ಎಡಮೈಯ ಚಳಿಗೆ ಒಂದು ಒಲೆ

ಟೀಚರ್ ಮನೆಯ ಫೈರ್‌ಪ್ಲೇಸ್‌ನೊಳಗೆ ಮೊದಲ ಸಲ ತಲೆ ಹಾಕಿದಾಗ ನನಗೆ ಕಂಡಿದ್ದು ಇನ್ವರ್ಟರ್. ಅದರ ಪಕ್ಕದಲ್ಲಿ ಬ್ಯಾಟರಿ, ಡಿಸ್ಟಿಲ್ಡ್ ವಾಟರ್ ಕ್ಯಾನು, ಹಳೇ ಪೇಪರಿನ ಕಟ್ಟು. ಯಡಿಯೂರು ಕೆರೆಗೆ ಹತ್ತಿರವಿರುವ ಜಯನಗರದ ಆ ಮನೆಯನ್ನು ಮೊದಲು ಕಟ್ಟಿಸಿದವರು ಯಾವುದೋ ಚಳಿ ಊರಿನಲ್ಲಿ ನೌಕರಿ ಮಾಡಿ ಬಂದವರಂತೆ. ಆಸೆಪಟ್ಟು ಹಾಲಿನ ಗೋಡೆಯೊಳಗೆ ಕಲ್ಲಿನ ಒಲೆ, ಮೇಲೆ ಹೊಗೆಗೂಡು, ಎಲ್ಲ ಮಾಡಿಸಿದ್ದರು. ಅವರಿಂದ ಮನೆ ಕೊಂಡ ಟೀಚರ್ ದಂಪತಿ ಅದರಲ್ಲಿ ಒಂದು ದಿನವೂ ಬೆಂಕಿ ಹೊತ್ತಿಸಿರಲಿಲ್ಲ. ನವರಾತ್ರಿಯಲ್ಲಿ ಅದರ ಮುಂದೆ ಬೊಂಬೆ ಕೂರುತ್ತಿದ್ದವು, ಉಳಿದ ದಿನ ಒಳಗೆ ಇನ್ವರ್ಟರ್ ಕೂರುತ್ತಿತ್ತು. ಬೆಂಗಳೂರಿನವರಿಗೆ ಖಾಲಿ ಜಾಗ ಕಂಡರೆ ಸಹಿಸುವುದಿಲ್ಲ.

ನನ್ನ ಕೆಲಸ ಹೋಟೆಲ್ ಅಡುಗೆಮನೆಗಳ ಹೊಗೆಯನ್ನು ಆಚೆ ಕಳಿಸುವುದು. ಸುಬ್ರಹ್ಮಣ್ಯಪುರದಲ್ಲಿ ತಗಡಿನ ಕೊಳವೆ ಮಾಡುವ ವರ್ಕ್‌ಶಾಪ್ ಇದೆ. ದರ್ಶಿನಿಗಳವರು ನನ್ನನ್ನು ಹೊಗೆ ಮೇಡಂ ಎಂದೇ ಕರೆಯುತ್ತಾರೆ. ಬೇಜಾರೇನಿಲ್ಲ, ಹೆಸರಿಗೆ ತಕ್ಕ ಬಣ್ಣ ಸಂಜೆಯ ಹೊತ್ತಿಗೆ ಮುಖಕ್ಕೂ ಬಂದಿರುತ್ತದೆ. ಊಟಿಯ ಕಡೆ ಕೆಲವು ಗೆಸ್ಟ್‌ಹೌಸ್‌ಗಳಲ್ಲಿ ಫೈರ್‌ಪ್ಲೇಸ್‌ನೊಳಗೆ ಕೂರಿಸುವ ಕಬ್ಬಿಣದ ಒಲೆ ಹಾಕಿಕೊಟ್ಟಿದ್ದೆ. ಇನ್ಸರ್ಟ್ ಎನ್ನುತ್ತಾರೆ ಅದಕ್ಕೆ. ಮುಂದೆ ಗಾಜಿನ ಬಾಗಿಲು, ಒಳಗೆ ಸೌದೆ, ಮೇಲೆ ಹೊಗೆಗೂಡಿನೊಳಗಿಂದ ತಾರಸಿಯವರೆಗೆ ಹೋಗುವ ಸ್ಟೀಲ್ ಪೈಪು. ಹೇಗೋ ಆ ಸುದ್ದಿ ಟೀಚರ್ ಕಿವಿಗೆ ಬಿದ್ದು ನನಗೆ ಫೋನ್ ಬಂದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಡೀ ರಸ್ತೆ ಅವರನ್ನು ಟೀಚರ್ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ.

ಬೆಂಗಳೂರಿಗೆ ಫೈರ್‌ಪ್ಲೇಸ್ ಯಾಕೆ ಎಂದು ನಾನು ಕೇಳುವ ಮೊದಲೇ ಅವರು ಗಂಡನನ್ನು ತೋರಿಸಿದರು. ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದ ಯಜಮಾನರು ಸೋಫಾದ ಮೂಲೆಯಲ್ಲಿ ಕೂತಿದ್ದರು. ಬಲಗಡೆ ತೆಳು ಅಂಗಿ. ಎಡಗಡೆ ಸ್ವೆಟರ್ ತೋಳು, ಅದರ ಮೇಲೆ ಶಾಲು, ಕೈಗೆ ಉಣ್ಣೆಯ ಗ್ಲೌಸು, ಕಾಲಿಗೆ ಎರಡೆರಡು ಕಾಲುಚೀಲ. ಹೊರಗೆ ಚೆನ್ನಾಗಿ ಬಿಸಿಲಿತ್ತು.

"ಹೋದ ವರ್ಷ ಸ್ಟ್ರೋಕ್ ಆಯ್ತಮ್ಮ. ಮಾತು ವಾಪಸ್ ಬಂತು, ನಡಿಗೆ ಅರ್ಧ ಬಂತು. ಎಡಗಡೆ ಮೈಗೆ ಚಳಿ ಹಿಡೀತು ನೋಡು, ಅದು ಬಿಡ್ಲೇ ಇಲ್ಲ" ಎಂದರು ಟೀಚರ್.

"ಐಸ್ ನೀರಲ್ಲಿ ಅದ್ದಿದ ಪಂಚೆ ಸುತ್ತಿದ ಹಾಗೆ ಮೇಡಂ" ಎಂದರು ಯಜಮಾನರು. "ಭುಜದಿಂದ ಪಾದದ ತನಕ. ಅರ್ಧ ಮೈಗೆ ಮಾತ್ರ. ಗೆರೆ ಎಳೆದ ಹಾಗಿದೆ."

ಅವರು ಏನೇನು ಮಾಡಿ ಮುಗಿಸಿದ್ದರು ಎಂಬುದನ್ನು ಟೀಚರ್ ಪಾಠ ಒಪ್ಪಿಸುವಂತೆ ಹೇಳಿದರು. ಎಣ್ಣೆ ತುಂಬಿದ ಹೀಟರ್ ತಂದಿಟ್ಟರೆ ರೂಮು ಬಿಸಿಯಾಯಿತು, ಚಳಿ ಹಾಗೇ ಇತ್ತು. ಬಿಸಿನೀರಿನ ಬ್ಯಾಗು ಕಾಲಿಗಿಟ್ಟರೆ ಚರ್ಮ ಸುಟ್ಟು ಬೊಬ್ಬೆ ಎದ್ದಿತು. ಎಡಗಾಲಿಗೆ ಬಿಸಿಯೇ ತಿಳಿಯುವುದಿಲ್ಲವಾದ್ದರಿಂದ ಕಾಲುಚೀಲ ತೆಗೆಯುವ ತನಕ ಯಾರಿಗೂ ಗೊತ್ತಾಗಲಿಲ್ಲ. ಮತ್ತೆ ಮೈ ಸುಟ್ಟೀತೆಂದು ಅವತ್ತೇ ಮನೆಯಲ್ಲಿದ್ದ ಹಳೇ ಕಾಯಿಲ್ ಹೀಟರನ್ನೂ ಗುಜರಿಯವನಿಗೆ ಕೊಟ್ಟುಬಿಟ್ಟರು. ಮಾತ್ರೆ ನುಂಗಿದರೆ ದಿನವಿಡೀ ತೂಕಡಿಕೆ.

"ಡಾಕ್ಟ್ರು ಅಂತಾರೆ, ಚಳಿ ಇರೋದು ಮಿದುಳಲ್ಲಿ, ರೂಮಲ್ಲಲ್ಲ ಅಂತ. ಇರ್ಲಿ. ಆದ್ರೆ ಕೆರೆ ಹತ್ರ ವಾಕಿಂಗ್ ಕರ್ಕೊಂಡು ಹೋದಾಗ ಜೋಳ ಸುಡೋನ ಗಾಡಿ ಪಕ್ಕ ಸ್ವಲ್ಪ ಹೊತ್ತು ನಿಂತಿದ್ವಿ. ಇವ್ರು ಕಣ್ಣು ಮುಚ್ಕೊಂಡು 'ಹಾ, ಹಿತವಾಗಿದೆ' ಅಂದ್ರು. ಈ ಒಂದು ವರ್ಷದಲ್ಲಿ ಆ ಮಾತು ಅದೊಂದೇ ಸಲ. ಹೀಟರು ಗಾಳಿನ ಬಿಸಿ ಮಾಡುತ್ತೆ, ಕೆಂಡದ ಕಾವೇ ಬೇರೆ, ನೇರ ಮೈಗೆ ಬರುತ್ತೆ. ಡಾಕ್ಟ್ರು ಹೇಳಿದ್ದು ಸಿದ್ಧಾಂತ, ನಾನು ನೋಡಿದ್ದು ಪ್ರಯೋಗ. ಯಾವುದನ್ನ ನಂಬ್ಲಿ ಹೇಳು?"

ಆ ಜೋಳದ ಗಾಡಿಯೊಂದನ್ನೇ ನೆಚ್ಚಿಕೊಂಡು ನಾವು ಕೆಲಸ ಶುರು ಮಾಡಿದೆವು. ನನಗೆ ಅನುಮಾನ ಬರಲಿಲ್ಲವೇ? ಬಂತು. ಆದರೆ ಟೀಚರ್ ಮುಖ ನೋಡಿ ಅದನ್ನು ನುಂಗಿಕೊಂಡೆ. ಕಾರ್ತಿಕ ಮಾಸ ಹತ್ತಿರವಿತ್ತು. ಇನ್ನೊಂದು ಚಳಿಗಾಲ ಇವರನ್ನು ಹೀಗೇ ನೋಡಲು ತನ್ನಿಂದಾಗದು ಎಂದು ಅವರು ಗೇಟಿನ ತನಕ ಬಂದು ಮೆಲ್ಲಗೆ ಹೇಳಿದ್ದರು.

ಸರಿಯಾದ ಒಲೆ ಆಯ್ದುಕೊಳ್ಳುವುದೇ ಮೊದಲ ತಲೆನೋವು. ಈ ಇನ್ಸರ್ಟುಗಳೆಲ್ಲ ಹಿಮ ಬೀಳುವ ಊರುಗಳಿಗೆಂದು ಮಾಡಿದವು. ನಮ್ಮ ಚಳಿಗೆ ಕ್ಯಾಟಲಾಗಿನ ಅತಿ ಸಣ್ಣ ಒಲೆಯೂ ದೊಡ್ಡದೇ. ದೊಡ್ಡ ಒಲೆಯನ್ನು ಸಣ್ಣಗೆ ಉರಿಸೋಣ ಎಂದು ಗಾಳಿಕಿಂಡಿ ಮುಚ್ಚಿದರೆ ಸೌದೆ ಉರಿಯದೆ ಹೊಗೆಯಾಡುತ್ತದೆ, ಗಾಜು ಕಪ್ಪಾಗುತ್ತದೆ, ಕೊಳವೆಯೊಳಗೆ ಡಾಂಬರಿನಂಥ ಜಿಡ್ಡು ಕಟ್ಟುತ್ತದೆ. ಆ ಜಿಡ್ಡಿಗೆ ಒಂದು ದಿನ ಬೆಂಕಿ ಹತ್ತಿದರೆ ಮನೆಯೇ ಒಲೆಯಾಗುತ್ತದೆ. ಬಿಸಿಗಾಳಿಯನ್ನು ಸುತ್ತಿಸಿ ರೂಮಿಗೆ ಬಿಡುವ ಮಾದರಿ ಸುಲಭದಲ್ಲಿ ಸಿಗುತ್ತಿತ್ತು, ಟೀಚರ್ ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಗಾಜಿನ ಮೂಲಕ ನೇರ ಬರುವ ಕಾವು. ಕೊನೆಗೆ ಒಳಗೆ ಬೆಂಕಿ ತಾಳುವ ಇಟ್ಟಿಗೆ ಹಾಸಿದ, ಮೈ ಸಣ್ಣದಿದ್ದು ಗಾಜು ಅಗಲವಿದ್ದ ಒಂದು ಒಲೆಯನ್ನು ಊಟಿಯ ಡೀಲರ್ ಹತ್ತಿರ ಹುಡುಕಿದೆ. ಯಜಮಾನರ ಎಡಗಾಲು ತಿಳಿಯದೆ ಗಾಜಿನ ಹತ್ತಿರ ಹೋಗದ ಹಾಗೆ ಮುಂದೆ ಒಂದು ಕಬ್ಬಿಣದ ಕಟಕಟೆ ಮಾಡುವುದೆಂದು ಮಾತಾಯಿತು.

"ನಾನೇನು, ಕೋರ್ಟಲ್ಲಿ ನಿಂತ ಆರೋಪೀನಾ?" ಎಂದು ಯಜಮಾನರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಆರ್ಡರ್ ಕೊಡುವ ಮೊದಲು ಹೊಗೆಗೂಡು ನೋಡಬೇಕಿತ್ತು. ಮನೆ ಮೊದಲು ಒಂದೇ ಅಂತಸ್ತಾಗಿತ್ತು. ಟೀಚರ್ ದಂಪತಿ ಆಮೇಲೆ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಆಗ ಮೇಸ್ತ್ರಿ ಹೊಗೆಗೂಡನ್ನೂ ಮೇಲಕ್ಕೆ ಎಳೆದು ತಾರಸಿ ದಾಟಿಸಿದ್ದ. ನನ್ನ ಫಿಟ್ಟರ್ ತಾರಸಿಗೆ ಹತ್ತಿ, ಸೋಲಾರ್ ಹೀಟರಿಗೂ ನೀರಿನ ಟ್ಯಾಂಕಿಗೂ ನಡುವೆ ಅದರ ಬಾಯಿ ಹುಡುಕಿ, ಮೇಲೆ ಮುಚ್ಚಿದ್ದ ಕಡಪಾ ಕಲ್ಲನ್ನೂ ಪಾರಿವಾಳದ ಗೂಡನ್ನೂ ತೆಗೆದ.

"ಇದು ಆಗೋ ಕೆಲ್ಸ ಅಲ್ಲ ಬಿಡಿ ಮೇಡಂ" ಎಂದ ಮೇಲಿನಿಂದಲೇ. ಈ ಮಾತನ್ನು ಅವನು ಪ್ರತಿ ಕೆಲಸದಲ್ಲೂ ಹೇಳುತ್ತಾನೆ. ಹೇಳದಿದ್ದರೆ ಅವನಿಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ. ಎರಡು ಕಡೆ ತಡವರಿಸಿದರೂ ಕಲ್ಲು ಕೆಳಗೆ ಬಂತು. ದಾರಿ ಇದೆ ಎಂದು ನಾನು ಲೆಕ್ಕ ಹಾಕಿದೆ.

ಮುಂದಿನದು ಹೊಗೆ ಪರೀಕ್ಷೆ. ಇದಕ್ಕೆಂದೇ ಬತ್ತಿಗಳು ಸಿಗುತ್ತವೆ, ಅವುಗಳ ವಾಸನೆಗೆ ಹೋಟೆಲಿನವರು ಕೂಗಾಡುತ್ತಾರೆ. ನಾನು ಮೊದಲಿಂದಲೂ ಬಳಸುವುದು ಸಾಂಬ್ರಾಣಿ. ಇದ್ದಿಲ ಕೆಂಡದ ಮೇಲೆ ಒಂದು ಹಿಡಿ ಹಾಕಿದರೆ ಬೆಳ್ಳನೆಯ ದಟ್ಟ ಹೊಗೆ ಏಳುತ್ತದೆ, ಎಲ್ಲಿ ಸೋರಿದರೂ ಕಣ್ಣಿಗೂ ಮೂಗಿಗೂ ಸಿಗುತ್ತದೆ. ಮಾಲೀಕರು ಬೈಯುವ ಬದಲು ಕೈ ಮುಗಿಯುತ್ತಾರೆ. ಟೀಚರ್ ಶುಕ್ರವಾರ ಸಂಜೆ ಬರಲು ಹೇಳಿದರು. ಒಳ್ಳೆಯ ಕೆಲಸ, ಒಳ್ಳೆಯ ದಿನ. ಒಲೆಯ ಬಾಯಿಗೆ ಗೋಣಿ ಕಟ್ಟಿ, ಬಾಣಲೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದೆ. ಸ್ವಲ್ಪ ಹೊತ್ತಿಗೆ ತಾರಸಿಯಿಂದ ಫಿಟ್ಟರ್ ಕೂಗಿದ: "ಬಂತು ಮೇಡಂ, ಚೆನ್ನಾಗೇ ಬರ್ತಿದೆ." ಅವನ ಬಾಯಲ್ಲಿ ಚೆನ್ನಾಗಿ ಎಂಬ ಪದ ಕೇಳಿ ನನಗೇ ಆಶ್ಚರ್ಯವಾಯಿತು.

ಮೇಲಿನ ಬಾಡಿಗೆ ಮನೆಯಲ್ಲಿ ಸೋರುತ್ತಿದೆಯೇ ಎಂದು ನೋಡಲು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವರು ಬಾಡಿಗೆಯ ಮನೆಯಾಕೆ. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಆಗಷ್ಟೇ ಅಜ್ಜಿಯಾದವರು. ಮಗಳು ಬಾಣಂತನಕ್ಕೆ ಬಂದಿದ್ದಳು. ಬಾಗಿಲು ತೆರೆಯುತ್ತಲೇ ಸಾಂಬ್ರಾಣಿಯ ವಾಸನೆ ಮುಖಕ್ಕೆ ಬಡಿಯಿತು.

"ಅಕ್ಕ, ಹೊಗೆ ಏನಾದ್ರೂ ಬರ್ತಿದ್ಯಾ ಮನೆಯೊಳಗೆ?"

"ಇದು ನಮ್ಮದೇ ಮೇಡಂ. ಮಗುಗೆ ನೀರು ಹಾಕಿ ಈಗ ತಾನೆ ಸಾಂಬ್ರಾಣಿ ಹೊಗೆ ಕೊಟ್ವಿ. ಬೇರೆ ಏನೂ ಇಲ್ಲ."

ಹೊಗೆಗೂಡು ಹಾದುಹೋಗುವುದು ಬಾಣಂತಿ ಮಲಗಿದ್ದ ರೂಮಿನ ಗೋಡೆಯಲ್ಲಿ. ಹೊರಗಿನಿಂದ ಬಂದವರು, ಅದೂ ಮಸಿ ಮೆತ್ತಿಕೊಂಡವರು, ಬಾಣಂತಿಯ ಕೋಣೆಗೆ ಹೋಗುವುದಿಲ್ಲ. ನಾನು ಹೊಸಿಲ ಮೇಲೆ ನಿಂತೇ ಕತ್ತು ಚಾಚಿ ನೋಡಿದೆ. ಗೋಡೆಗೆ ಹೊಂದಿಸಿ ಮಾಡಿಸಿದ ದೊಡ್ಡ ವಾರ್ಡ್‌ರೋಬ್, ಅದರ ಬಾಗಿಲು ಮುಚ್ಚಿತ್ತು. ರೂಮಿನಲ್ಲಿ ಹೊಗೆ ಕಾಣಲಿಲ್ಲ. ಸರಿ ಎಂದು ಕೆಳಗಿಳಿದು ಡೀಲರಿಗೆ ಫೋನ್ ಮಾಡಿದೆ.

ಒಲೆ ಬರುವ ತನಕದ ದಿನಗಳು ಆ ಮನೆಯಲ್ಲಿ ಒಂದು ಥರದ ಹಬ್ಬವೇ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ. ಇನ್ವರ್ಟರ್ ಮೆಟ್ಟಿಲ ಕೆಳಗೆ ಹೋಯಿತು. ಟೀಚರ್ ಬನಶಂಕರಿಯ ಸೌದೆ ಡಿಪೋದಿಂದ ಸರ್ವೆ ಸೌದೆ ತರಿಸಿ, ಕಾರ್ ಶೆಡ್ಡಿನಲ್ಲಿ ಗಾಳಿಯಾಡುವ ಹಾಗೆ ಅಡ್ಡಡ್ಡ ಪೇರಿಸಿದರು. ಒಣಗಿದೆಯೋ ಇಲ್ಲವೋ ಎಂದು ಎರಡು ತುಂಡನ್ನು ಒಂದಕ್ಕೊಂದು ಬಡಿದು ಕೇಳುವುದನ್ನು ನಾನು ಹೇಳಿಕೊಟ್ಟಿದ್ದೆ. ಹಸಿ ಸೌದೆ ದಪ್ ಎನ್ನುತ್ತದೆ, ಒಣಗಿದ್ದು ಟಣ್ ಎನ್ನುತ್ತದೆ. ಪ್ರತಿ ಸಂಜೆ ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತು ಬಲಗೈಯಲ್ಲಿ ಒಂದು ತುಂಡು ಹಿಡಿಯುವರು, ಟೀಚರ್ ಇನ್ನೊಂದು ತುಂಡಿನಿಂದ ಬಡಿಯುವರು. ನಾನೊಂದು ದಿನ ಹೋದಾಗ ಇಬ್ಬರೂ ಕೋಲಾಟ ಆಡುತ್ತಿದ್ದಂತೆ ಕಂಡಿತು. ಹಾಗೆಂದು ಹೇಳಿದೆ.

"ಮದುವೆಯಾದಾಗಿಂದ ಬಡಿದಾಡ್ಕೊಂಡೇ ಬಂದಿದ್ದೀವಿ, ಈಗ ತಾಳ ಸೇರಿದೆ" ಎಂದರು ಯಜಮಾನರು.

ಒಲೆ ಬಂತು. ಅದನ್ನು ನನ್ನ ವರ್ಕ್‌ಶಾಪಿನಲ್ಲೇ ಇಟ್ಟುಕೊಂಡು, ಮೊದಲು ಸ್ಟೀಲ್ ಪೈಪು ಇಳಿಸಲು ಹೋದೆವು. ಬಾಗುವ ಪೈಪು ಅದು, ಆರು ಇಂಚು ಅಗಲ. ಇದನ್ನು ತಾರಸಿಯಿಂದ ಒಲೆಯವರೆಗೆ ಇಳಿಸಿಬಿಟ್ಟರೆ ಇಟ್ಟಿಗೆಯ ಹೊಗೆಗೂಡಿನಲ್ಲಿ ಎಷ್ಟೇ ಬಿರುಕಿದ್ದರೂ ಹೊಗೆ ಪೈಪಿನೊಳಗೇ ಹೋಗುತ್ತದೆ. ಫಿಟ್ಟರ್ ಮೇಲಿನಿಂದ ತಳ್ಳಿದ, ನಾನು ಕೆಳಗಿನಿಂದ ಹಗ್ಗ ಎಳೆದೆ. ಅರ್ಧ ದಾರಿಯಲ್ಲಿ ನಿಂತಿತು. ತಿರುಗಿಸಿದೆವು, ಮೇಲೆಳೆದು ಮತ್ತೆ ಬಿಟ್ಟೆವು, ತುದಿಗೆ ಮರದ ಮೂತಿ ಕಟ್ಟಿ ನೋಡಿದೆವು. ಎಲ್ಲ ಸಲವೂ ಅದೇ ಜಾಗ. ಕೊನೆಗೆ ಪೈಪನ್ನು ಹೊರಗೆಳೆದಾಗ ಅದರ ತುದಿ ಅಪ್ಪಚ್ಚಿಯಾಗಿತ್ತು.

ಅಳತೆ ಮಾಡಿ ನೋಡಿದರೆ ಮೇಲ್ಮನೆಯ ಬಾಣಂತಿ ರೂಮಿನ ಗೋಡೆ. ಮೇಸ್ತ್ರಿ ಅಲ್ಲಿ ಕಾಂಕ್ರೀಟ್ ತೊಲೆ ಅಡ್ಡ ಬಂದಾಗ ಹೊಗೆಗೂಡನ್ನು ಪಕ್ಕಕ್ಕೆ ತಿರುಗಿಸಿ, ಅಲ್ಲಿ ಮುಷ್ಟಿಯಷ್ಟು ಕಿಂಡಿ ಮಾತ್ರ ಬಿಟ್ಟು, ಮತ್ತೆ ನೇರ ಮಾಡಿದ್ದ. ಕಲ್ಲು ಕಟ್ಟಿದ ಹಗ್ಗ ಆ ಕಿಂಡಿಯಲ್ಲಿ ನುಸುಳಿತ್ತು, ಪೈಪು ನುಸುಳುವುದಿಲ್ಲ. ಯಾರೂ ಬೆಂಕಿ ಹಾಕದ ಒಲೆಗೆ ಇದೇ ಹೆಚ್ಚು ಎಂದು ಅವನು ಅಂದುಕೊಂಡಿರಬೇಕು. ಅವನನ್ನು ಬೈದು ಏನು ಪ್ರಯೋಜನ, ಇನ್ವರ್ಟರ್ ಇಡುವವರಿಗೆ ಅವನ ಕೆಲಸ ಸರಿಯಾಗಿಯೇ ಇತ್ತು.

ಗೋಡೆಯ ದಪ್ಪ ತಿಳಿಯಲು ಮತ್ತೆ ಮೇಲೆ ಹೋದೆ. ಅಜ್ಜಿಯಾದ ಆ ಅಕ್ಕ ಈ ಸಲ ಬಾಗಿಲಲ್ಲೇ ಮಾತಿಗೆ ನಿಂತರು. ಮಗುವಿಗೆ ಶೀತವಾಗಿ, ಡಾಕ್ಟರು ಸಾಂಬ್ರಾಣಿ ಹೊಗೆ ಬೇಡವೆಂದಿದ್ದರಂತೆ.

"ನಮಗೂ ಸಾಂಬ್ರಾಣಿ ಕೊಟ್ಟು ಅಭ್ಯಾಸ ಮೇಡಂ, ಬಿಡೋಕೆ ಕಷ್ಟ ಆಯ್ತು. ನೀವು ಕೆಳಗೆ ಟೆಸ್ಟ್ ಮಾಡಿದ ಶುಕ್ರವಾರ ಇತ್ತಲ್ಲ, ಅವತ್ತಂತೂ ವಾರ್ಡ್‌ರೋಬಲ್ಲಿದ್ದ ಮಗು ಬಟ್ಟೆಯೆಲ್ಲ ಘಮ್ ಅಂತಿತ್ತು. ಹಾಲಲ್ಲಿ ಹಾಕಿದ ಹೊಗೆ ಮುಚ್ಚಿದ ಬಾಗಿಲೊಳಗೆ ಅಷ್ಟೊಂದು ಹೋಗಿತ್ತು ನೋಡಿ."

ಮುಚ್ಚಿದ ವಾರ್ಡ್‌ರೋಬಿನೊಳಗೆ ಹೋದದ್ದು ಅವರ ಸಾಂಬ್ರಾಣಿಯಲ್ಲ, ನನ್ನದು. ಶುಕ್ರವಾರ ಸಂಜೆ, ಮಗುವಿರುವ ಮನೆಯಲ್ಲಿ, ಸಾಂಬ್ರಾಣಿಯಿಂದ ಹೊಗೆ ಪರೀಕ್ಷೆ ಮಾಡುವಂಥ ಬುದ್ಧಿ ಈ ಊರಿನವರಿಗಲ್ಲದೆ ಇನ್ಯಾರಿಗೆ ಬರಬೇಕು!

ಮಾರನೆಯ ದಿನ ಬೇರೆ ಹೊಗೆ ತಂದೆ. ಜೆ.ಪಿ. ನಗರದ ಪರಿಚಯದವರೊಬ್ಬರ ಸೈಟಿನಲ್ಲಿ ನೀಲಗಿರಿ ಮರವಿತ್ತು, ಅದರ ಒಣ ಎಲೆ. ಆ ವಾಸನೆಯನ್ನು ಯಾರೂ ಯಾವುದಕ್ಕೂ ತಪ್ಪು ತಿಳಿಯುವುದಿಲ್ಲ. ಅಕ್ಕನಿಗೆ ವಿಷಯ ಹೇಳಿ, ತಾಯಿ ಮಗುವನ್ನು ಎದುರು ಮನೆಗೆ ಕಳಿಸಿ, ವಾರ್ಡ್‌ರೋಬಿನ ಬಟ್ಟೆಯೆಲ್ಲ ಹೊರಗೆ ತೆಗೆಸಿದೆ. ಕೆಳಗೆ ಎಲೆ ಹೊತ್ತಿಸಲು ಫಿಟ್ಟರ್‌ಗೆ ಹೇಳಿ, ನಾನು ಟಾರ್ಚ್ ಹಿಡಿದು ವಾರ್ಡ್‌ರೋಬಿನ ಮುಂದೆ ಕೂತೆ. ಟೀಚರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಕಾಯಬೇಕಾಗಲಿಲ್ಲ. ಹಿಂಬದಿಯ ಪ್ಲೈವುಡ್ಡಿನ ಸಂದಿಯಿಂದ ಹೊಗೆ ಎಳೆಎಳೆಯಾಗಿ ಬಂದು ಕೆಳಗಿನ ಅರೆಯ ಮೇಲೆ ಹರಡಿತು. ಮಗುವಿನ ಬಟ್ಟೆ ಇಡುತ್ತಿದ್ದ ಅರೆ ಅದು. ಟೀಚರ್ ಬಗ್ಗಿ ನೋಡಿದರು, ಮೂಸಿದರು, ಕೆಳಗೆ ಇಳಿದುಹೋದರು.

ಆಮೇಲೆ ಶುರುವಾಯಿತು ದಾರಿ ಹುಡುಕುವ ಕೆಲಸ. ಗೋಡೆ ಒಡೆದು ಆ ತಿರುವನ್ನು ನೇರ ಮಾಡಬೇಕೆಂದರೆ ತೊಲೆ ಕಡಿಯಬೇಕು. ಮನೆಯ ಭಾರ ಹೊತ್ತ ತೊಲೆಯನ್ನು ಮುಟ್ಟುವಂತಿಲ್ಲ. ಸಣ್ಣ ಪೈಪು ಹಾಕಿದರೆ ಒಲೆಯ ಹೊಗೆ ಹೊರಗೆ ಹೋಗದೆ ಹಾಲಿಗೇ ವಾಪಸು ಬರುತ್ತದೆ. ಹೊಗೆಗೂಡು ಬಿಟ್ಟು ಹೊರಗೋಡೆಗೆ ಪೈಪು ಹತ್ತಿಸೋಣವೆಂದರೆ, ಪಕ್ಕದ ಸೈಟಿನಲ್ಲಿ ಹೊಸದಾಗಿ ಎದ್ದ ನಾಲ್ಕಂತಸ್ತಿನ ಕಟ್ಟಡ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರ ಬೆಡ್‌ರೂಮ್ ಕಿಟಕಿಗಳೆಲ್ಲ ಈ ಕಡೆಗೇ. ಅವುಗಳನ್ನು ದಾಟಿ ಎತ್ತರಕ್ಕೆ ಹೋಗಬೇಕಾದರೆ ಪೈಪು ಮನೆಗಿಂತ ಉದ್ದವಾಗುತ್ತದೆ, ನಿಲ್ಲುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಒಂದೊಂದನ್ನೂ ಕಾಗದದ ಮೇಲೆ ಬರೆದು ಟೀಚರ್ ಮುಂದೆ ಇಟ್ಟೆ, ಒಂದೊಂದನ್ನೂ ನಾನೇ ಹೊಡೆದು ಹಾಕಿದೆ.

"ಹಾಗಾದ್ರೆ ಇರೋ ಗೂಡಲ್ಲೇ ಸಣ್ಣಗೆ ಉರಿಸಿದ್ರೆ? ದಿನಕ್ಕೆ ಒಂದೇ ಗಂಟೆ" ಎಂದರು ಟೀಚರ್.

"ಸಣ್ಣಗೆ ಉರಿಸಿದಷ್ಟೂ ಅಪಾಯ ಜಾಸ್ತಿ ಟೀಚರ್. ಹೊಗೆ ಆದ್ರೆ ವಾಸನೆಗೆ ಗೊತ್ತಾಗುತ್ತೆ. ಇನ್ನೊಂದು ಬರುತ್ತಲ್ಲ, ಅದಕ್ಕೆ ವಾಸನೆ ಇಲ್ಲ."

"ಕಾರ್ಬನ್ ಮೊನಾಕ್ಸೈಡ್" ಎಂದರು ಅವರು. "ನಾನೇ ಪಾಠ ಮಾಡಿದ್ದೀನಿ." ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, "ಅದಕ್ಕೆ ಅಲಾರಾಂ ಬರುತ್ತಂತೆ. ಮೇಲೆ ಒಂದು ಹಾಕ್ಸಿದ್ರೆ?"

"ಅಲಾರಾಂ ಹೊಡೆದಾಗ ಮಗು ಎತ್ಕೊಂಡು ಓಡ್ಬೇಕು ಅಂತ ಆ ಅಕ್ಕಂಗೆ ಹೇಳ್ತೀರಾ ನೀವು?"

ಅವರು ತಲೆ ತಗ್ಗಿಸಿದರು. ನನಗೆ ನನ್ನ ಮಾತಿನ ಮೇಲೇ ಸಿಟ್ಟು ಬಂತು. ಆದರೆ ತೀರ್ಮಾನ ಅಲ್ಲೇ ಆಗಿಹೋಗಿತ್ತು. ನಾನು ಆ ಹೊಗೆಗೂಡಿಗೆ ಒಲೆ ಕೂರಿಸುವುದಿಲ್ಲ, ಬೇರೆ ಯಾರು ಕೂರಿಸುತ್ತೇನೆಂದರೂ ಬಿಡಬೇಡಿ ಎಂದೆ. ಈ ಕೆಲಸದಲ್ಲಿ ಆಗುವುದಿಲ್ಲ ಎಂದು ಹೇಳುವುದು ನನ್ನ ಫಿಟ್ಟರ್‌ನ ಪಾಲಿನದು. ಅವನು ಅವತ್ತು ಬಾಯೇ ತೆರೆಯಲಿಲ್ಲ.

ಎರಡು ದಿನ ಬಿಟ್ಟು ಟೀಚರ್ ಫೋನ್ ಮಾಡಿದರು. ದನಿ ಗಟ್ಟಿಯಾಗಿತ್ತು.

"ಮೇಲಿನವರನ್ನ ಬಿಡಿಸಿಬಿಡ್ತೀನಿ ಕಣಮ್ಮ. ಮೇಲೆ ಯಾರೂ ಇಲ್ದಿದ್ರೆ ಆ ಗೋಡೆ ಸೋರಿದ್ರೇನು? ಕಿಟಕಿ ಬಾಗ್ಲು ತೆಗೆದಿಡ್ತೀನಿ, ಮನೆ ಖಾಲಿ ಇರುತ್ತೆ. ಆಗ ಹಾಕ್ತೀಯಾ?"

"ಬಾಣಂತಿ ಇದ್ದಾಳಲ್ಲ ಟೀಚರ್."

"ಗೊತ್ತು ನಂಗೆ. ಎಳೆ ಮಗು ಎತ್ಕೊಂಡು ಮನೆ ಹುಡುಕೋ ಹಾಗೆ ಮಾಡೋದು ಪಾಪ ಅಂತನೂ ಗೊತ್ತು. ಇವ್ರು ರಾತ್ರಿಯೆಲ್ಲ ಹಲ್ಲು ಕಡಿಯೋದು ನಾನು ಕೇಳ್ತೀನಲ್ಲ, ಅದು ನಿಂಗೆ ಗೊತ್ತಾ?"

ನಾನು ಒಂದು ಮಾತು ಹೇಳಿದೆ. ಮನೆ ಖಾಲಿ ಮಾಡಿಸುವ ಮೊದಲು ಈ ಬೆಂಕಿಯಿಂದ ಚಳಿ ಹೋಗುತ್ತದೋ ಇಲ್ಲವೋ ನೋಡಿಬಿಡೋಣ. ಒಲೆ ನನ್ನ ವರ್ಕ್‌ಶಾಪಿನಲ್ಲೇ ಇದೆ, ಅಲ್ಲಿ ಹೊಗೆ ಹೋಗಲು ಒಳ್ಳೆಯ ಪೈಪು ಇದೆ, ಯಜಮಾನರನ್ನು ಕರೆತನ್ನಿ. ಟೀಚರ್ ತಕ್ಷಣ ಒಪ್ಪಿದರು. ಪ್ರಯೋಗ ಎಂದರೆ ಅವರು ಬೇಡವೆನ್ನುವವರಲ್ಲ.

ಅವತ್ತು ಮಧ್ಯಾಹ್ನದಿಂದ ಮೋಡ ಕವಿದು ಶೀತಗಾಳಿ ಇತ್ತು. ಷಟರ್ ಅರ್ಧ ಇಳಿಸಿ, ಒಲೆಯನ್ನು ಪೈಪಿಗೆ ಜೋಡಿಸಿದೆ. ಟೀಚರ್ ತಮ್ಮ ಸೌದೆಯನ್ನೇ ಚೀಲದಲ್ಲಿ ತಂದಿದ್ದರು, ಎಲ್ಲವೂ ಟಣ್ ಎನ್ನುವಂಥವು. ದಪ್ಪ ತುಂಡು ಕೆಳಗೆ, ಸಣ್ಣ ಚಕ್ಕೆ ಮೇಲೆ ಇಟ್ಟು, ಮೇಲಿನಿಂದ ಕಡ್ಡಿ ಗೀರಿದೆ. ಹೀಗೆ ಹೊತ್ತಿಸಿದರೆ ಹೊಗೆ ಕಡಿಮೆ. ಉರಿ ನಿಧಾನವಾಗಿ ಕೆಳಗಿಳಿದು, ಗಾಜಿನ ತುಂಬ ಬೆಳಕಾಯಿತು. ಒಲೆ ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ಉರಿಯುವ ಒಲೆಯನ್ನು ನಾನು ಯಾರಿಗೂ ಹಾಕಿಕೊಟ್ಟಿರಲಿಲ್ಲ.

ಟೀಚರ್ ಯಜಮಾನರನ್ನು ಕಟಕಟೆಯ ಈಚೆ, ಎಡಮೈ ಬೆಂಕಿಯ ಕಡೆಗೆ ಬರುವಂತೆ ಕೂರಿಸಿ, ಶಾಲು, ಸ್ವೆಟರ್ ತೋಳು ತೆಗೆದರು, ಗ್ಲೌಸು, ಕಾಲುಚೀಲ ಬಿಚ್ಚಿದರು. ಆಗಾಗ ಪಾದ ಮುಟ್ಟಿ ನೋಡುತ್ತ, ಚರ್ಮ ಕೆಂಪಾಗದಂತೆ ಕುರ್ಚಿಯನ್ನು ಹಿಂದೆ ಮುಂದೆ ಮಾಡುತ್ತಿದ್ದರು. ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಚಳಿ ಹೋಗಲಿ ದೇವರೇ ಎನ್ನುತ್ತಿದ್ದೆ. ಹೋದರೆ ಮೇಲಿನ ಮನೆಯ ಮಗು ಎಲ್ಲಿಗೆ ಹೋಗಬೇಕು ಎಂದುಕೊಂಡಾಗ, ಹೋಗದೇ ಇರಲಿ ಎಂದೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಕೆಂಡ ನಿಗಿನಿಗಿ ಆಗಿ, ಯಜಮಾನರ ಹಣೆಯ ಮೇಲೆ ಬೆವರು ಮೂಡಿತು. ಅಂಗಿಯ ಎಡತೋಳನ್ನು ನಾನು ಮುಟ್ಟಿ ನೋಡಿದೆ, ಇಸ್ತ್ರಿ ಮಾಡಿದ ಹಾಗೆ ಬಿಸಿಯಿತ್ತು.

"ಏನನ್ಸುತ್ತೆ ರೀ?" ಎಂದರು ಟೀಚರ್.

"ನೋಡೋಕೆ ತುಂಬ ಚೆನ್ನಾಗಿದೆ ಕಣೇ."

"ನೋಡೋಕಲ್ಲ. ಮೈಗೆ?"

ಅವರು ಬಹಳ ಹೊತ್ತು ಬೆಂಕಿಯನ್ನೇ ನೋಡಿದರು. "ಹಾಗೇ ಇದೆ" ಎಂದರು.

ಮೇಲ್ಮನೆಯ ಮಗುವಿಗಾಗಿ ಹಾಗೆ ಹೇಳಿದರೇನೋ ಎಂದು ನನಗೆ ಒಂದು ಗಳಿಗೆ ಅನುಮಾನವಾಯಿತು. ಆದರೆ ತೊಡೆಯ ಮೇಲಿದ್ದ ಅವರ ಎಡಗೈ ಬೆರಳುಗಳು ಚಳಿಗೆ ಮುದುರಿದ ಹಾಗೆ ಮುದುರಿಕೊಂಡಿದ್ದವು. ಬಾಯಿ ಸುಳ್ಳು ಹೇಳಬಹುದು, ಆ ಬೆರಳುಗಳಿಗೆ ಅದು ಗೊತ್ತಿರಲಿಲ್ಲ.

"ಸ್ವಲ್ಪ ತಿರುಗಿಸ್ತೀರಾ ಮೇಡಂ ಕುರ್ಚಿನ" ಎಂದು ಅವರು ನನ್ನನ್ನು ಕೇಳಿದರು. ತಿರುಗಿಸಿದೆ. ಬಲಮೈ ಬೆಂಕಿಗೆ ಬಂತು. ಅವರು ಕಣ್ಣು ಮುಚ್ಚಿದರು. "ಹಾ" ಎಂದರು. "ಈ ಕಡೆ ಹಿತವಾಗಿದೆ. ಆ ಕಡೆಗೆ ಇದನ್ನ ಹೇಳೋರು ಯಾರು?"

ಟೀಚರ್ ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ರೀ, ಅವತ್ತು ಜೋಳದ ಗಾಡಿ ಯಾವ ಕಡೆ ಇತ್ತು?"

"ಬಲಗಡೆ. ನೀನು ನನ್ನ ಎಡಗೈ ಹಿಡ್ಕೊಂಡು ನಿಂತಿದ್ದೆಯಲ್ಲ. ಆ ಕಡೆ ನೀನೇ ಇದ್ದೆ."

ಇಷ್ಟು ದಿನ ಕಾಪಾಡಿಕೊಂಡು ಬಂದ ಒಂದೇ ಒಂದು ಸಾಕ್ಷಿ ಹೋಗಿತ್ತು. ಟೀಚರ್ ಗ್ಲೌಸು ತೆಗೆದುಕೊಂಡು ಯಜಮಾನರ ಎಡಗೈಗೆ ಒಂದೊಂದೇ ಬೆರಳು ಬಿಡಿಸಿ ಹಾಕಿದರು, ಶಾಲು ಹೊದಿಸಿದರು. ನಾನು ಒಲೆಯ ಗಾಳಿಕಿಂಡಿ ಮುಚ್ಚಿದೆ. ಆಟೋ ಬರುವ ತನಕ ಉಳಿದ ಸೌದೆಯನ್ನು ಚೀಲಕ್ಕೆ ತುಂಬಿದೆ. ಅಳು ಬರುತ್ತಿತ್ತು, ಅವರಿಬ್ಬರ ಮುಂದೆ ಅಳುವ ಹಕ್ಕು ನನಗಿರಲಿಲ್ಲ.

ಸಂಕ್ರಾಂತಿಗೆ ಮುಂಚೆ ಟೀಚರ್ ಕೊನೆಯ ಕೆಲಸಕ್ಕೆ ಕರೆದರು. ಹೊಗೆಗೂಡನ್ನು ಶಾಶ್ವತವಾಗಿ ಮುಚ್ಚಬೇಕು. ನಾಳೆ ತಾವಿಲ್ಲದಾಗ ಮನೆ ಕೊಂಡವರು ಯಾರಾದರೂ ಆಸೆಪಟ್ಟು ಬೆಂಕಿ ಹಾಕಿದರೆ ಮೇಲಿನವರ ಗತಿ ಏನು ಎಂದರು. ಮೇಲಿನವರು ಎಲ್ಲಿಗೂ ಹೋಗಿರಲಿಲ್ಲ. ಬಿಡಿಸುವ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

ಫಿಟ್ಟರ್ ತಾರಸಿಯಲ್ಲಿ ಕಲ್ಲಿಟ್ಟು ಗಾರೆ ಮಾಡಿದ. ನಾನು ಹಾಲಿನ ಕಲ್ಲಿನ ಒಲೆಯೊಳಗೆ ಮಂಡಿಯೂರಿ ಕೂತು ಹೊಗೆಗೂಡಿನ ಗಂಟಲಿಗೆ ಇಟ್ಟಿಗೆ ಜೋಡಿಸಿದೆ. ಕೊನೆಯ ಇಟ್ಟಿಗೆ ಕೈಯಲ್ಲಿದ್ದಾಗ ಮೇಲಿನಿಂದ ಮಗು ಅಳುವ ಸದ್ದು ಆ ಕೊಳವೆಯೊಳಗಿಂದ ಸ್ಪಷ್ಟವಾಗಿ ಕೇಳಿಸಿತು, ಅಜ್ಜಿ ಸಮಾಧಾನ ಮಾಡುವುದೂ ಕೇಳಿಸಿತು. ಇಟ್ಟಿಗೆ ಇಟ್ಟ ಮೇಲೆ ಸದ್ದು ನಿಂತಿತು.

ಹೊರಗೆ ಬಂದಾಗ ಯಜಮಾನರು ಸೋಫಾದ ಅದೇ ಮೂಲೆಯಲ್ಲಿದ್ದರು. ಅವರ ಪಕ್ಕ, ಎಡಗಡೆ, ಟೀಚರ್ ಕೂತಿದ್ದರು. ಟೀಚರ್ ಕಣ್ಣು ನಾನು ಮುಚ್ಚಿದ ಜಾಗದ ಮೇಲಿತ್ತು.

"ಈ ಗೂಡಿಂದ ಗಾಳಿ ಇಳೀತಿತ್ತು ಅನ್ಸುತ್ತೆ ರೀ. ಇಷ್ಟು ದಿನ ನಾವು ಗಮನಿಸೇ ಇರ್ಲಿಲ್ಲ" ಎಂದರು. "ಈಗ ಸ್ವಲ್ಪ ಕಮ್ಮಿ ಆಯ್ತಾ?"

ಯಜಮಾನರು ಅವರ ಮುಖ ನೋಡಿದರು. ಆಮೇಲೆ ಸಿಮೆಂಟ್ ಮೆತ್ತಿದ ನನ್ನ ಕೈ ನೋಡಿದರು.

"ಆಯ್ತು ಕಣೇ" ಎಂದರು. "ಕಮ್ಮಿ ಆಯ್ತು."

ಶಾಲಿನ ಕೆಳಗೆ ಎಡಗೈ ಬೆರಳುಗಳು ಮುದುರಿಕೊಂಡೇ ಇದ್ದವು. ನಾನು ಗಾರೆಯ ಬಾಂಡ್ಲಿ ಎತ್ತಿಕೊಂಡು ತೊಳೆಯಲು ಹಿತ್ತಲಿಗೆ ಹೋದೆ.